ಕಳೆನಾಶಕ: ಸಸ್ಯದೊಳಗೆ ನಡೆಯುವುದೇನು?

ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಹುಲ್ಲು ಕಂದುಬಣ್ಣಕ್ಕೆ ತಿರುಗಿ ಒಣಗಿದಾಗ ಅದು ‘ಸುಟ್ಟುಹೋಯಿತು’ ಎನ್ನುವುದು ಹಳ್ಳಿಗಳಲ್ಲಿ ರೂಢಿಯ ಮಾತು. ಕಣ್ಣಿಗೆ ಕಾಣುವ ಪರಿಣಾಮವನ್ನಷ್ಟೇ ಗಮನಿಸಿದರೆ ಈ ಮಾತಿನಲ್ಲಿ ತಪ್ಪಿಲ್ಲ. ಆದರೆ ಇಂದು ಬಳಕೆಯಲ್ಲಿರುವ ಕಳೆನಾಶಕಗಳಲ್ಲಿ ಹೆಚ್ಚಿನವು ಸಸ್ಯವನ್ನು ಸುಡುವುದಿಲ್ಲ. ಬೆಳಕಿನ ನೆರವಿನಿಂದ ಆಹಾರ ತಯಾರಿಸುವುದು, ಪ್ರೋಟೀನಿಗೆ ಬೇಕಾದ ಅಮೈನೋ ಆಮ್ಲಗಳನ್ನು ಕಟ್ಟಿಕೊಳ್ಳುವುದು, ಜೀವಕೋಶಗಳನ್ನು ವಿಭಜಿಸುವುದು, ಹಾರ್ಮೋನುಗಳ ಮೂಲಕ ಬೆಳವಣಿಗೆಯನ್ನು ಹತೋಟಿಯಲ್ಲಿಡುವುದು ಮುಂತಾಗಿ ಸಸ್ಯವೊಂದು ಎಡೆಬಿಡದೆ ನಡೆಸುವ ಹಲವು ಕೆಲಸಗಳಲ್ಲಿ ಯಾವುದೋ ಒಂದನ್ನು, ಅದರಲ್ಲಿಯೂ ಒಂದು ನಿರ್ದಿಷ್ಟ ಹಂತದಲ್ಲಿ, ಅವು ತಡೆಯುತ್ತವೆ. ಸಾವು ಆ ತಡೆಯ ಹಿಂದೆ ಬರುತ್ತದೆ. ಯಾವ ರಾಸಾಯನಿಕ ಯಾವ ಹಂತವನ್ನು ತಡೆಯುತ್ತದೆ ಎಂಬುದು ತಿಳಿದರೆ, ಒಂದು ಔಷಧಿ ಹುಲ್ಲನ್ನು ಕೊಂದು ಬೆಳೆಯನ್ನು ಉಳಿಸುವುದೇಕೆ, ಇನ್ನೊಂದು ಪಕ್ಕದ ಹೊಲದ ಹತ್ತಿಯನ್ನು ಹಾಳುಮಾಡುವುದೇಕೆ, ಮೊದಲು ಚೆನ್ನಾಗಿ ಕೆಲಸ ಮಾಡುತ್ತಿದ್ದ ಮತ್ತೊಂದು ಕೆಲವು ವರ್ಷಗಳ ನಂತರ ನಿಷ್ಫಲವಾಗುವುದೇಕೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ.

ಒಳಹೋಗುವ ದಾರಿ

ಕಳೆನಾಶಕ ಕೆಲಸ ಮಾಡಬೇಕಾದರೆ ಮೊದಲು ಸಸ್ಯದ ಒಳಗೆ ಹೋಗಬೇಕು. ಎಲೆಯ ಮೇಲ್ಮೈಯಲ್ಲಿ ಮೇಣದಂಥ ತೆಳುಪದರವೊಂದಿದ್ದು, ಅದು ನೀರು ಅಂಟದಂತೆ ನೋಡಿಕೊಳ್ಳುತ್ತದೆ. ಆ ಪದರವನ್ನು ದಾಟಲು ನೆರವಾಗಲೆಂದೇ ಅನೇಕ ತಯಾರಿಕೆಗಳಲ್ಲಿ ಸಾಬೂನಿನ ಗುಣವುಳ್ಳ ಪದಾರ್ಥಗಳನ್ನು ಬೆರೆಸಿರುತ್ತಾರೆ. ಮಣ್ಣಿಗೆ ಹಾಕುವ ಕಳೆನಾಶಕಗಳನ್ನು ಬೇರು ಅಥವಾ ಆಗತಾನೇ ಮೊಳೆಯುತ್ತಿರುವ ಕುಡಿ ಹೀರಿಕೊಳ್ಳುತ್ತದೆ. ಒಳಹೊಕ್ಕ ಮೇಲೆ ಕೆಲವು ರಾಸಾಯನಿಕಗಳು ತಾಗಿದ ಜಾಗದಲ್ಲಿಯೇ ಹಾನಿ ಮಾಡಿ ನಿಲ್ಲುತ್ತವೆ. ಇವನ್ನು ಸ್ಪರ್ಶ ಕಳೆನಾಶಕಗಳೆಂದು ಕರೆಯುತ್ತಾರೆ. ಇನ್ನು ಕೆಲವು ಸಸ್ಯದ ಸಾಗಣೆ ನಾಳಗಳ ಮೂಲಕ ದೂರದ ಭಾಗಗಳಿಗೂ ಹರಡುತ್ತವೆ. ಇವು ಅಂತರ್ವ್ಯಾಪಿ ಕಳೆನಾಶಕಗಳು. ಬೇರಿನಿಂದ ನೀರನ್ನು ಮೇಲಕ್ಕೊಯ್ಯುವ ಕ್ಸೈಲಮ್ ಎಂಬ ನಾಳದಲ್ಲಿ ಮಾತ್ರ ಚಲಿಸುವ ರಾಸಾಯನಿಕ ಎಲೆಗೆ ಬಿದ್ದರೆ ಬೇರನ್ನು ಮುಟ್ಟಲಾರದು. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರು, ಗಡ್ಡೆ, ಕುಡಿಗಳಿಗೆ ಒಯ್ಯುವ ಫ್ಲೋಯಮ್ ನಾಳವನ್ನು ಸೇರಬಲ್ಲ ರಾಸಾಯನಿಕ ಮಾತ್ರ ನೆಲದೊಳಗಿನ ಭಾಗವನ್ನೂ ಕೊಲ್ಲಬಲ್ಲದು. ಗರಿಕೆ, ಜೇಕಿನಂಥ ಕಳೆಗಳು ಮೇಲ್ಭಾಗ ಒಣಗಿದರೂ ಮತ್ತೆ ಚಿಗುರುವುದಕ್ಕೆ ಕಾರಣ ಈ ವ್ಯತ್ಯಾಸದಲ್ಲಿದೆ.

ಹಾರ್ಮೋನಿನ ವೇಷ

ಆಧುನಿಕ ಕಳೆನಾಶಕಗಳ ಕಥೆ ಆರಂಭವಾಗುವುದು ಸಸ್ಯ ಬೆಳೆಯುವ ಬಗೆಯನ್ನು ಕುರಿತ ಕುತೂಹಲದಿಂದ. ಹುಲ್ಲಿನ ಮೊಳಕೆ ಬೆಳಕಿನ ಕಡೆಗೆ ಬಾಗುವುದನ್ನು ಪರೀಕ್ಷಿಸಿದ ಚಾರ್ಲ್ಸ್ ಡಾರ್ವಿನ್ ಮತ್ತು ಅವನ ಮಗ ಫ್ರಾನ್ಸಿಸ್, ಮೊಳಕೆಯ ತುದಿಯಿಂದ ಕೆಳಕ್ಕೆ ಯಾವುದೋ ಪ್ರಭಾವವೊಂದು ಹರಿದುಬರುತ್ತದೆ ಎಂದು 1880ರಲ್ಲಿ ಪ್ರಕಟಿಸಿದರು. ಆ ಪ್ರಭಾವ ಒಂದು ರಾಸಾಯನಿಕ ಪದಾರ್ಥವೆಂಬುದನ್ನು ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್ 1920ರ ದಶಕದಲ್ಲಿ ತೋರಿಸಿಕೊಟ್ಟನು. ಅದಕ್ಕೆ ಆಕ್ಸಿನ್ ಎಂಬ ಹೆಸರು ಬಂತು. ಜೀವಕೋಶಗಳು ಎಲ್ಲಿ, ಎಷ್ಟು ಉದ್ದವಾಗಬೇಕು, ಬೇರು ಎಲ್ಲಿ ಹುಟ್ಟಬೇಕು ಎಂಬುದನ್ನೆಲ್ಲ ಸಸ್ಯವು ಅತ್ಯಲ್ಪ ಪ್ರಮಾಣದ ಆಕ್ಸಿನ್ ಮೂಲಕ ನಿರ್ಧರಿಸುತ್ತದೆ. ಆಕ್ಸಿನನ್ನು ಹೋಲುವ ಕೃತಕ ಪದಾರ್ಥಗಳನ್ನು ಹುಡುಕುವಾಗ, ಎರಡನೇ ಮಹಾಯುದ್ಧದ ಕಾಲದಲ್ಲಿ, ಬ್ರಿಟನ್ ಮತ್ತು ಅಮೆರಿಕದ ವಿಜ್ಞಾನಿಗಳು ಪ್ರತ್ಯೇಕವಾಗಿಯೇ 2,4-ಡಿ ಎಂಬ ಸಂಯುಕ್ತದ ಕಳೆನಾಶಕ ಗುಣವನ್ನು ಕಂಡುಕೊಂಡರು. ಯುದ್ಧ ಮುಗಿಯುತ್ತಿದ್ದಂತೆಯೇ ಅದು ಮಾರುಕಟ್ಟೆಗೆ ಬಂತು.

ಸಸ್ಯವು ತನ್ನ ಸ್ವಂತ ಆಕ್ಸಿನನ್ನು ಕೆಲಸವಾದ ಕೂಡಲೇ ಒಡೆದುಹಾಕುತ್ತದೆ ಅಥವಾ ಬೇರೆ ಅಣುವಿಗೆ ಕಟ್ಟಿ ಬದಿಗಿಡುತ್ತದೆ. 2,4-ಡಿಯನ್ನು ಹೀಗೆ ಬೇಗ ಕಳೆದುಕೊಳ್ಳಲು ಅಗಲ ಎಲೆಯ ಸಸ್ಯಗಳಿಗೆ ಸಾಧ್ಯವಾಗುವುದಿಲ್ಲ. ಆಕ್ಸಿನ್ ಬಂದಿದೆಯೆಂದು ಗುರುತಿಸುವುದು ಟಿಐಆರ್1 ಎಂಬ ಪ್ರೋಟೀನ್ ಎಂಬುದನ್ನು 2005ರಲ್ಲಿ ಪತ್ತೆಹಚ್ಚಲಾಯಿತು. 2,4-ಡಿ ಇದೇ ಪ್ರೋಟೀನಿಗೆ ಅಂಟಿಕೊಂಡು, ಬೆಳವಣಿಗೆಯ ವಂಶವಾಹಿಗಳನ್ನು ಅಂಕೆಯಲ್ಲಿಡುವ ತಡೆಪ್ರೋಟೀನುಗಳು ನಾಶವಾಗುವಂತೆ ಮಾಡುತ್ತದೆ. ಅಂಕೆ ತಪ್ಪಿದ ಸಸ್ಯದಲ್ಲಿ ಎಥಿಲೀನ್ ಹಾಗೂ ಅಬ್ಸಿಸಿಕ್ ಆಮ್ಲ ಎಂಬ ಇತರ ಹಾರ್ಮೋನುಗಳು ವಿಪರೀತವಾಗಿ ಉತ್ಪತ್ತಿಯಾಗುತ್ತವೆ, ಕಾಂಡದ ಒಂದು ಮಗ್ಗುಲು ಇನ್ನೊಂದಕ್ಕಿಂತ ವೇಗವಾಗಿ ಬೆಳೆದು ಗಿಡ ಸುರುಳಿಯಾಗಿ ತಿರುಚಿಕೊಳ್ಳುತ್ತದೆ, ಎಲೆಯ ರಂಧ್ರಗಳು ಮುಚ್ಚಿ ಆಹಾರ ತಯಾರಿಕೆ ನಿಲ್ಲುತ್ತದೆ, ನಾಳಗಳು ಹಿಚುಕಿಹೋಗುತ್ತವೆ. ತಿರುಚುವಿಕೆ ಕೆಲವೇ ಗಂಟೆಗಳಲ್ಲಿ ಕಾಣಿಸಿಕೊಂಡರೂ ಸಾವು ಬರಲು ಕೆಲವು ದಿನಗಳೋ ವಾರಗಳೋ ಬೇಕು.

ಹುಲ್ಲಿನ ಕುಲಕ್ಕೆ ಸೇರಿದ ಭತ್ತ, ಜೋಳ, ಮೆಕ್ಕೆಜೋಳ, ಕಬ್ಬು, ಗೋಧಿಗಳು 2,4-ಡಿಯನ್ನು ಬೇಗ ನಿರ್ವಿಷಗೊಳಿಸುತ್ತವೆ, ಅವುಗಳ ದೇಹದಲ್ಲಿ ಅದು ಅಷ್ಟಾಗಿ ಹರಡುವುದಿಲ್ಲ, ನಾಳಗಳ ಜೋಡಣೆಯೂ ಬೇರೆ. ಹೀಗಾಗಿಯೇ ಕಬ್ಬಿನ ಗದ್ದೆಯಲ್ಲಿ ಅಗಲ ಎಲೆಯ ಕಳೆ ಸತ್ತು ಕಬ್ಬು ಉಳಿಯುತ್ತದೆ. ಹತ್ತಿ, ದ್ರಾಕ್ಷಿ, ಟೊಮ್ಯಾಟೊ ಬೆಳೆಗಳಾದರೋ ಈ ರಾಸಾಯನಿಕಕ್ಕೆ ಅತ್ಯಂತ ಸೂಕ್ಷ್ಮ. ಗಾಳಿಯಲ್ಲಿ ತೇಲಿಬಂದ ಹನಿ, ಎಸ್ಟರ್ ರೂಪದ ತಯಾರಿಕೆಯಿಂದೆದ್ದ ಆವಿ, ಸರಿಯಾಗಿ ತೊಳೆಯದ ಪಂಪಿನಲ್ಲಿ ಉಳಿದ ಅಂಶ, ಇವುಗಳಲ್ಲಿ ಯಾವುದೇ ಆದರೂ ಎಲೆಗಳನ್ನು ಕಿರಿದಾಗಿಸಿ ಮುದುಡಿಸಬಲ್ಲದು, ಅದನ್ನು ನಂಜುರೋಗವೆಂದು ತಪ್ಪಾಗಿ ತಿಳಿದು ಬೇರೆ ಔಷಧಿ ಹೊಡೆಯುವುದೂ ಉಂಟು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆ ಕಾಡಿನ ಎಲೆ ಉದುರಿಸಲು ಬಳಸಿದ ‘ಏಜೆಂಟ್ ಆರೆಂಜ್’ 2,4-ಡಿ ಮತ್ತು 2,4,5-ಟಿ ಎಂಬ ಎರಡು ಹಾರ್ಮೋನು ಮಾದರಿಯ ಕಳೆನಾಶಕಗಳ ಮಿಶ್ರಣವಾಗಿತ್ತು. ಮನುಷ್ಯರಿಗೆ ಘೋರ ಹಾನಿ ಮಾಡಿದ ಡಯಾಕ್ಸಿನ್ ಎಂಬ ಕಲ್ಮಶ ಎರಡನೆಯದರ ತಯಾರಿಕೆಯಲ್ಲಿ ಸೇರಿಕೊಂಡಿತ್ತು.

ಬೆಳಕೇ ವಿಷವಾದಾಗ

ಎರಡನೆಯ ದೊಡ್ಡ ಗುಂಪಿನ ಕಳೆನಾಶಕಗಳು ದ್ಯುತಿಸಂಶ್ಲೇಷಣೆಯ ಮೇಲೆ, ಅಂದರೆ ಎಲೆಯ ಪತ್ರಹರಿತ್ತು ಸೂರ್ಯನ ಬೆಳಕನ್ನು ಹಿಡಿದು ಆಹಾರವಾಗಿಸುವ ಕ್ರಿಯೆಯ ಮೇಲೆ ಎರಗುತ್ತವೆ. ಬೆಳಕು ಬಿದ್ದಾಗ ಪತ್ರಹರಿತ್ತಿನಿಂದ ಹೊರಬೀಳುವ ಎಲೆಕ್ಟ್ರಾನುಗಳು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಕೈಬದಲಾಗುತ್ತ ಸಾಗುತ್ತವೆ. ಮೆಕ್ಕೆಜೋಳದಲ್ಲಿ ಬಳಸುವ ಅಟ್ರಜಿನ್, ಕಬ್ಬಿನಲ್ಲಿ ಬಳಸುವ ಡೈಯುರಾನ್ ಮತ್ತು ಮೆಟ್ರಿಬುಜಿನ್ ಈ ಸರಪಳಿಯ ಆರಂಭದಲ್ಲಿರುವ ಡಿ1 ಎಂಬ ಪ್ರೋಟೀನಿನಲ್ಲಿ ಸೇರಿಕೊಂಡು ಎಲೆಕ್ಟ್ರಾನಿನ ದಾರಿಯನ್ನು ಮುಚ್ಚುತ್ತವೆ. ಆಗ ಸಸ್ಯ ಹಸಿವಿನಿಂದ ಸಾಯುತ್ತದೆ ಎಂದು ಊಹಿಸುವುದು ಸಹಜ; ವಾಸ್ತವದಲ್ಲಿ ಅದಕ್ಕಿಂತ ಮುಂಚೆಯೇ, ಹಿಡಿದ ಬೆಳಕಿನ ಶಕ್ತಿಗೆ ಹೋಗಲು ಜಾಗವಿಲ್ಲದೆ ಅದು ಆಮ್ಲಜನಕಕ್ಕೆ ವರ್ಗವಾಗಿ, ಉಗ್ರ ಸ್ವರೂಪದ ಆಮ್ಲಜನಕ ಉತ್ಪತ್ತಿಯಾಗಿ ಜೀವಕೋಶದ ಪೊರೆಗಳನ್ನು ಹರಿದುಹಾಕುತ್ತದೆ. ಸಸ್ಯವನ್ನು ಬದುಕಿಸುವ ಬೆಳಕೇ ಹೀಗೆ ಅದನ್ನು ಕೊಲ್ಲುತ್ತದೆ.

ಪ್ಯಾರಾಕ್ವಾಟ್ ಇದೇ ಸರಪಳಿಯ ಕೊನೆಯ ಭಾಗದಲ್ಲಿ ಕೆಲಸ ಮಾಡುತ್ತದೆ. ಅದು ದಾರಿಯನ್ನು ಮುಚ್ಚುವುದಿಲ್ಲ, ಎಲೆಕ್ಟ್ರಾನನ್ನು ತಾನೇ ಕಸಿದುಕೊಂಡು ಆಮ್ಲಜನಕಕ್ಕೆ ಕೊಡುತ್ತದೆ, ಮತ್ತೆ ಮೊದಲಿನ ರೂಪಕ್ಕೆ ಮರಳಿ ಇನ್ನೊಂದನ್ನು ಕಸಿಯುತ್ತದೆ. ಒಂದೇ ಅಣು ಈ ಕೆಲಸವನ್ನು ಮತ್ತೆ ಮತ್ತೆ ಮಾಡಬಲ್ಲದಾದ್ದರಿಂದ ಬಿಸಿಲಿರುವ ದಿನ ಗಂಟೆಗಳೊಳಗೆ ಎಲೆ ಬಾಡುತ್ತದೆ. ‘ಸುಟ್ಟುಹೋಯಿತು’ ಎಂಬ ಮಾತು ನಿಜಕ್ಕೂ ಒಪ್ಪುವುದು ಇದಕ್ಕೇ. ಆದರೆ ತನ್ನ ವೇಗದಿಂದಾಗಿಯೇ ಅದು ತಾಗಿದ ಎಲೆಯನ್ನು ಕೊಂದು, ಗಡ್ಡೆ ಬೇರುಗಳನ್ನು ತಲುಪದೆ ಉಳಿಯುತ್ತದೆ. ಎಲೆಕ್ಟ್ರಾನು ಕಸಿದು ಆಮ್ಲಜನಕಕ್ಕೆ ಕೊಡುವ ಈ ಕ್ರಿಯೆ ಮನುಷ್ಯನ ಶ್ವಾಸಕೋಶದಲ್ಲಿಯೂ ನಡೆಯುವುದರಿಂದ, ಹೊಟ್ಟೆಗೆ ಹೋದ ಅಲ್ಪ ಪ್ರಮಾಣದ ಪ್ಯಾರಾಕ್ವಾಟ್ ಕೂಡ ಪ್ರಾಣ ತೆಗೆಯಬಲ್ಲದು, ಇದಕ್ಕೆ ಪ್ರತಿವಿಷವಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2007ರಿಂದ ಅದರ ಬಳಕೆ ನಿಂತಿದೆ. ಈರುಳ್ಳಿ ಬೆಳೆಗಾರರಿಗೆ ಪರಿಚಿತವಾದ ಆಕ್ಸಿಫ್ಲೋರ್ಫೆನ್ ಮತ್ತೊಂದು ಬಗೆಯಲ್ಲಿ ಬೆಳಕನ್ನು ಬಳಸಿಕೊಳ್ಳುತ್ತದೆ. ಅದು ಪತ್ರಹರಿತ್ತು ತಯಾರಾಗುವ ಹಂತವೊಂದನ್ನು ಕೆಡಿಸಿದಾಗ ಅರೆತಯಾರಾದ ವರ್ಣದ್ರವ್ಯ ಕೋಶದಲ್ಲಿ ತುಂಬಿಕೊಂಡು, ಬೆಳಕು ಬಿದ್ದೊಡನೆ ಸುತ್ತಲಿನ ಪೊರೆಗಳನ್ನು ಒಡೆಯುತ್ತದೆ.

ಕಟ್ಟುವ ಕೆಲಸಕ್ಕೆ ತಡೆ

ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕಳೆನಾಶಕವಾದ ಗ್ಲೈಫೋಸೇಟ್ ತೀರ ಬೇರೆ ಜಾತಿಯದು. ಮೊನ್ಸಾಂಟೊ ಕಂಪನಿಯ ರಸಾಯನ ವಿಜ್ಞಾನಿ ಜಾನ್ ಫ್ರಾಂಜ್ 1970ರಲ್ಲಿ ಇದರ ಗುಣವನ್ನು ಗುರುತಿಸಿದರು. 1974ರಲ್ಲಿ ಅದು ‘ರೌಂಡಪ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಫಿನೈಲ್ಅಲನೀನ್, ಟೈರೋಸಿನ್, ಟ್ರಿಪ್ಟೊಫ್ಯಾನ್ ಎಂಬ ಮೂರು ಅಮೈನೋ ಆಮ್ಲಗಳನ್ನು ಸಸ್ಯಗಳು ಶಿಕಿಮೇಟ್ ಎಂಬ ಪದಾರ್ಥದ ಮೂಲಕ ಹಂತಹಂತವಾಗಿ ತಯಾರಿಸಿಕೊಳ್ಳುತ್ತವೆ. ಆ ಹಂತಗಳಲ್ಲೊಂದನ್ನು ನಡೆಸುವ ಇಪಿಎಸ್‌ಪಿಎಸ್ ಎಂಬ ಕಿಣ್ವಕ್ಕೆ ಗ್ಲೈಫೋಸೇಟ್ ಅಡ್ಡಿಯಾಗುತ್ತದೆ. ಕಾಲುವೆಯ ತೂಬನ್ನು ಮುಚ್ಚಿದಾಗ ಮೇಲೆ ನೀರು ತುಂಬಿ ಕೆಳಗಿನ ಗದ್ದೆಗಳು ಒಣಗುವಂತೆ, ತಡೆಯ ಹಿಂದೆ ಶಿಕಿಮೇಟ್ ಶೇಖರವಾಗುತ್ತದೆ, ಮುಂದೆ ಅಮೈನೋ ಆಮ್ಲಗಳ ಪೂರೈಕೆ ಬತ್ತುತ್ತದೆ. ಪ್ರೋಟೀನ್ ಮಾತ್ರವಲ್ಲ, ಕಾಂಡಕ್ಕೆ ಗಡಸುತನ ಕೊಡುವ ಲಿಗ್ನಿನ್ ಮತ್ತು ರೋಗಗಳ ವಿರುದ್ಧ ಸಸ್ಯ ತಯಾರಿಸುವ ಹಲವು ರಕ್ಷಕ ಪದಾರ್ಥಗಳೂ ಇದೇ ದಾರಿಯಲ್ಲಿ ಹುಟ್ಟಬೇಕಾದವು.

ಕೂಡಿಟ್ಟ ಅಮೈನೋ ಆಮ್ಲಗಳು ಮುಗಿಯುವವರೆಗೆ ಗಿಡ ಹಸಿರಾಗಿಯೇ ಕಾಣುವುದರಿಂದ ಫಲ ಗೋಚರಿಸಲು ವಾರ ಅಥವಾ ಹೆಚ್ಚು ಸಮಯ ಬೇಕಾಗುತ್ತದೆ. ಈ ನಿಧಾನವೇ ಅದರ ಬಲ. ಎಲೆ ಜೀವಂತವಾಗಿದ್ದು ಸಕ್ಕರೆಯನ್ನು ಕೆಳಕ್ಕೆ ಕಳಿಸುತ್ತಿರುವಷ್ಟು ಕಾಲ ಗ್ಲೈಫೋಸೇಟ್ ಕೂಡ ಅದರೊಡನೆ ಬೇರು, ಗಡ್ಡೆ, ನೆಲದಡಿಯ ಕಾಂಡಗಳಿಗೆ ಸಾಗುತ್ತದೆ, ಕುಡಿಗಳು ಮೊದಲು ಹಳದಿಯಾಗುತ್ತವೆ. ಬರದಿಂದ ಬಾಡಿ ನಿಂತ ಕಳೆಗೆ ಅಥವಾ ಆಗತಾನೇ ಕೊಯ್ದ ಹುಲ್ಲಿಗೆ ಸಿಂಪಡಿಸಿದರೆ ಅದು ಸರಿಯಾಗಿ ಕೆಲಸ ಮಾಡದಿರುವುದಕ್ಕೆ ಸಾಗಣೆ ಸ್ಥಗಿತವಾಗಿರುವುದು ಅಥವಾ ಹೀರಲು ಎಲೆಯೇ ಇಲ್ಲದಿರುವುದು ಕಾರಣ. ಜೇಡಿಮಣ್ಣಿನ ಕಣಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ಗುಣವಿರುವುದರಿಂದ ಕೆರೆಯ ಕೆಂಪುನೀರಿನಲ್ಲಿ ಬೆರೆಸಿದಾಗಲೂ, ಕ್ಯಾಲ್ಸಿಯಂ ಹೆಚ್ಚಿರುವ ಕೊಳವೆಬಾವಿಯ ಗಡಸು ನೀರಿನಲ್ಲಿ ಬೆರೆಸಿದಾಗಲೂ ಅದರ ಶಕ್ತಿ ಕುಗ್ಗುತ್ತದೆ. ಆಗ ಪ್ರಮಾಣ ಹೆಚ್ಚಿಸುವುದಕ್ಕಿಂತ ನೀರು ಬದಲಿಸುವುದು ಸರಿ.

ಅಮೈನೋ ಆಮ್ಲಗಳ ತಯಾರಿಕೆಯನ್ನೇ ಬೇರೊಂದು ಕಡೆ ತಡೆಯುವ ಗುಂಪಿನಲ್ಲಿ ಮೆಟ್‌ಸಲ್ಫ್ಯೂರಾನ್, ಭತ್ತದ ಗದ್ದೆಗಳಲ್ಲಿ ಬಳಸುವ ಬಿಸ್‌ಪೈರಿಬ್ಯಾಕ್ ಸೋಡಿಯಂ, ಜೇಕಿನ ಮೇಲೆ ಬಳಸುವ ಹ್ಯಾಲೋಸಲ್ಫ್ಯೂರಾನ್ ಮುಂತಾದವು ಸೇರುತ್ತವೆ. ಇವು ಅಂಟಿಕೊಳ್ಳುವುದು ಎಎಲ್‌ಎಸ್ ಎಂಬ ಕಿಣ್ವಕ್ಕೆ. ಆಗ ವ್ಯಾಲಿನ್, ಲ್ಯೂಸಿನ್, ಐಸೊಲ್ಯೂಸಿನ್‌ಗಳ ಉತ್ಪಾದನೆ ನಿಂತು ಬೆಳವಣಿಗೆ ಅಲ್ಲಿಗೇ ಮೊಟಕಾಗುತ್ತದೆ. ಬ್ಯುಟಾಕ್ಲೋರ್‌ನಂಥ ಹಳೆಯ ಕಳೆನಾಶಕಗಳು ಹೆಕ್ಟೇರಿಗೆ ಕಿಲೋಗ್ರಾಂ ಲೆಕ್ಕದಲ್ಲಿ ಬೇಕಾಗಿದ್ದರೆ, ಗೋಧಿಯಲ್ಲಿ ಮೆಟ್‌ಸಲ್ಫ್ಯೂರಾನಿನ ಮೂಲ ಪದಾರ್ಥ ಹೆಕ್ಟೇರಿಗೆ 4 ಗ್ರಾಂ ಸಾಕು. ಅಳತೆಯಲ್ಲಾಗುವ ಸಣ್ಣ ತಪ್ಪೂ ಬೆಳೆಗೆ ದೊಡ್ಡ ಪೆಟ್ಟಾಗುವುದು ಇದರಿಂದಲೇ.

ಕೊಬ್ಬಿನಾಮ್ಲಗಳ ತಯಾರಿಕೆಯನ್ನು ಆರಂಭಿಸುವ ಎಸಿಸಿಏಸ್ ಎಂಬ ಕಿಣ್ವವನ್ನು ಕ್ವಿಜಲೋಫಾಪ್, ಫೆನಾಕ್ಸಾಪ್ರಾಪ್ ಮುಂತಾದವು ತಡೆಯುತ್ತವೆ. ಹುಲ್ಲಿನ ಕುಲದ ಕ್ಲೋರೊಪ್ಲಾಸ್ಟಿನಲ್ಲಿರುವ ಈ ಕಿಣ್ವದ ರಚನೆ ದ್ವಿದಳ ಸಸ್ಯಗಳದಕ್ಕಿಂತ ಭಿನ್ನವಾಗಿರುವುದರಿಂದ ಶೇಂಗಾ, ಸೋಯಾ ಅವರೆಗಳಿಗೆ ಹಾನಿಯಾಗದೆ ನಡುವಿನ ಹುಲ್ಲು ಮಾತ್ರ ಸಾಯುತ್ತದೆ. ಕೆಲವು ದಿನಗಳ ನಂತರ ಅದರ ಸುಳಿಯನ್ನು ಎಳೆದರೆ ಬುಡ ಕೊಳೆತು ಸುಲಭವಾಗಿ ಕಿತ್ತುಬರುತ್ತದೆ. ಬಿತ್ತಿದ ಕೂಡಲೇ ಮಣ್ಣಿನ ಮೇಲೆ ಹಾಕುವ ಉದಯಪೂರ್ವ ಕಳೆನಾಶಕಗಳಲ್ಲಿ ಪೆಂಡಿಮೆಥಾಲಿನ್ ಜೀವಕೋಶ ವಿಭಜನೆಯಾಗುವಾಗ ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಎಳೆಗಳು ಕಟ್ಟಿಕೊಳ್ಳದಂತೆ ಮಾಡುತ್ತದೆ, ಪ್ರೆಟಿಲಾಕ್ಲೋರ್ ಮತ್ತು ಬ್ಯುಟಾಕ್ಲೋರ್ ಮೇಣ ಹಾಗೂ ಪೊರೆಗಳಿಗೆ ಬೇಕಾದ ಉದ್ದ ಸರಪಳಿಯ ಕೊಬ್ಬಿನಾಮ್ಲಗಳನ್ನು ತಡೆಯುತ್ತವೆ. ಇವು ಕೊಲ್ಲುವುದು ಮೊಳಕೆಯನ್ನು ಮಾತ್ರ. ಒಣಮಣ್ಣಿನಲ್ಲಿ ಮೊಳಕೆಗೆ ಸೇರಲಾರವು, ಆಗಲೇ ಎದ್ದು ನಿಂತ ಕಳೆಯ ಮೇಲೆ ಕೆಲಸ ಮಾಡಲಾರವು.

ಬೆಳೆ ಬದುಕುವುದು ಹೇಗೆ, ಕಳೆ ಗೆಲ್ಲುವುದು ಹೇಗೆ?

ಒಂದೇ ಹನಿ ಬಿದ್ದರೂ ಕಳೆ ಸತ್ತು ಬೆಳೆ ಉಳಿಯುವುದಕ್ಕೆ ಬಹಳ ಸಲ ಕಾರಣವಾಗುವುದು ಬೆಳೆಯ ನಿರ್ವಿಷಗೊಳಿಸುವ ಶಕ್ತಿ. ಮೆಕ್ಕೆಜೋಳವು ಅಟ್ರಜಿನ್ ಅಣುವಿಗೆ ಗ್ಲುಟಾಥಯೋನ್ ಎಂಬ ತನ್ನದೇ ಪದಾರ್ಥವನ್ನು ಕಟ್ಟಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಭತ್ತದ ಈ ಶಕ್ತಿಯನ್ನು ಹೆಚ್ಚಿಸಲು ಪ್ರೆಟಿಲಾಕ್ಲೋರ್ ಜೊತೆ ಫೆನ್‌ಕ್ಲೋರಿಮ್ ಎಂಬ ರಕ್ಷಕವನ್ನು ಬೆರೆಸಿದ ತಯಾರಿಕೆಗಳಿವೆ. ಚಳಿ, ನೀರು ನಿಲ್ಲುವಿಕೆ, ರೋಗಗಳಿಂದ ಸೊರಗಿದ ಬೆಳೆಯಲ್ಲಿ ನಿರ್ವಿಷಗೊಳಿಸುವ ಕೆಲಸ ನಿಧಾನವಾಗುವುದರಿಂದ ಶಿಫಾರಸಿನ ಪ್ರಮಾಣವೂ ಕೆಲವೊಮ್ಮೆ ಪೆಟ್ಟು ಕೊಡುತ್ತದೆ. ಮೆಕ್ಕೆಜೋಳಕ್ಕೆ ಹಾಕಿದ ಅಟ್ರಜಿನ್ ಮಣ್ಣಿನಲ್ಲಿ ಉಳಿದು, ಆ ಶಕ್ತಿಯಿಲ್ಲದ ದ್ವಿದಳ ಧಾನ್ಯ ಅಥವಾ ತರಕಾರಿ ಮುಂದಿನ ಬೆಳೆಯಾಗಿ ಬಂದಾಗ ಅದನ್ನು ಬಾಧಿಸುವುದೂ ಇದೇ ತರ್ಕದಿಂದ.

ಬೆಳೆಯನ್ನು ಉಳಿಸುವ ಈ ಉಪಾಯಗಳೇ ಕಳೆಗೂ ಒದಗಿಬರುತ್ತವೆ. ಕಳೆ ರಾಸಾಯನಿಕಕ್ಕೆ ‘ಒಗ್ಗಿಕೊಳ್ಳುತ್ತದೆ’ ಎಂಬುದು ಸಾಮಾನ್ಯ ತಿಳಿವಳಿಕೆಯಾದರೂ ಒಂದೊಂದು ಗಿಡವೂ ಅಭ್ಯಾಸದಿಂದ ಗಟ್ಟಿಯಾಗುವುದಿಲ್ಲ. ಲಕ್ಷಾಂತರ ಗಿಡಗಳಲ್ಲಿ ಮೊದಲೇ ಇದ್ದ ಕೆಲವು ಭಿನ್ನ ಗಿಡಗಳು ಮಾತ್ರ ಬದುಕಿ ಬೀಜ ಉದುರಿಸುತ್ತವೆ, ವರ್ಷವರ್ಷವೂ ಅದೇ ಔಷಧಿ ಹೊಡೆದಾಗ ಹೊಲದ ತುಂಬ ಅವುಗಳ ಸಂತತಿಯೇ ಉಳಿಯುತ್ತದೆ. ಅಟ್ರಜಿನ್ ಗುಂಪಿಗೆ ಬಗ್ಗದ ಕಳೆ ಅಮೆರಿಕದಲ್ಲಿ 1970ರ ಹೊತ್ತಿಗೇ ವರದಿಯಾಗಿತ್ತು. ಈ ಬಗೆಯ ಕಳೆಗಳಲ್ಲಿ ಡಿ1 ಪ್ರೋಟೀನಿನ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಪಂಜಾಬ್ ಮತ್ತು ಹರಿಯಾಣದ ಗೋಧಿ ಹೊಲಗಳಲ್ಲಿ ‘ಗುಲ್ಲಿ ದಂಡಾ’ ಎಂದು ಕರೆಯುವ ಫಲಾರಿಸ್ ಮೈನರ್ ಎಂಬ ಹುಲ್ಲು, ದಶಕಕ್ಕೂ ಮಿಕ್ಕಿ ಬಳಸಿದ ಐಸೊಪ್ರೊಟ್ಯುರಾನನ್ನು 1990ರ ದಶಕದ ಆರಂಭದಲ್ಲಿ ಸೋಲಿಸಿತು. ಗೋಧಿ ಆ ರಾಸಾಯನಿಕವನ್ನು ಒಡೆಯುವ ರೀತಿಯಲ್ಲಿಯೇ ಆ ಹುಲ್ಲೂ ಒಡೆಯತೊಡಗಿತ್ತು.

ಗ್ಲೈಫೋಸೇಟಿನ ಅನುಭವ ಇನ್ನೂ ಬೋಧಪ್ರದ. ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದಿಂದ ಪಡೆದ, ಗ್ಲೈಫೋಸೇಟಿಗೆ ಬಗ್ಗದ ಕಿಣ್ವದ ವಂಶವಾಹಿಯನ್ನು ಸೇರಿಸಿದ ಸೋಯಾ ಅವರೆ 1996ರಲ್ಲಿ ಅಮೆರಿಕದಲ್ಲಿ ಬೇಸಾಯಕ್ಕೆ ಬಂದ ಮೇಲೆ ಒಂದೇ ರಾಸಾಯನಿಕದ ಮೇಲಿನ ಅವಲಂಬನೆ ವಿಪರೀತವಾಯಿತು. ಜಾರ್ಜಿಯಾ ರಾಜ್ಯದ ಹತ್ತಿ ಹೊಲಗಳಲ್ಲಿ ಕಾಣಿಸಿಕೊಂಡ, ಹರಿವೆ ಸೊಪ್ಪಿನ ಕುಲದ ಪಾಮರ್ ಅಮರಾಂತ್ ಎಂಬ ಕಳೆಯ ಕೆಲವು ಗಿಡಗಳಲ್ಲಿ ಇಪಿಎಸ್‌ಪಿಎಸ್ ವಂಶವಾಹಿಯ ಪ್ರತಿಗಳು ಸಾಮಾನ್ಯ ಗಿಡಕ್ಕಿಂತ 160 ಪಟ್ಟಿಗೂ ಹೆಚ್ಚಿದ್ದವು; ತಡೆಯಲಾಗದಷ್ಟು ಕಿಣ್ವವನ್ನು ಅವು ತಯಾರಿಸುತ್ತಿದ್ದವು. ಜಗತ್ತಿನಲ್ಲಿ ಇಂದು 260ಕ್ಕೂ ಹೆಚ್ಚು ಜಾತಿಯ ಕಳೆಗಳು ಒಂದಲ್ಲ ಒಂದು ಕಳೆನಾಶಕವನ್ನು ತಡೆದುಕೊಳ್ಳಬಲ್ಲವು. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ನೇರ ಬಿತ್ತನೆಗಾಗಿ ಬಿಡುಗಡೆ ಮಾಡಿರುವ ಪೂಸಾ ಬಾಸ್ಮತಿ 1979 ಮತ್ತು 1985 ತಳಿಗಳು, ಹೊರಗಿನ ವಂಶವಾಹಿ ಸೇರಿಸದೆ ಎಎಲ್‌ಎಸ್ ಕಿಣ್ವದಲ್ಲಿನ ಬದಲಾವಣೆಯಿಂದಲೇ ಇಮಜೆಥಪೈರ್ ಎಂಬ ಕಳೆನಾಶಕವನ್ನು ಸಹಿಸುತ್ತವೆ. ಇಂಥ ತಳಿಗಳ ಹೊಲದಲ್ಲಿಯೂ ಒಂದೇ ಔಷಧಿಯನ್ನು ನೆಚ್ಚಿಕೊಂಡರೆ ಅದೇ ಹಳೆಯ ಫಲ ಕಾದಿರುತ್ತದೆ.

ಸಸ್ಯದಾಚೆಗೆ

ಶಿಕಿಮೇಟ್ ಮಾರ್ಗ ಪ್ರಾಣಿಗಳಲ್ಲಿ ಇಲ್ಲ. ಆ ಮೂರು ಅಮೈನೋ ಆಮ್ಲಗಳನ್ನು ಅವು ಆಹಾರದಿಂದಲೇ ಪಡೆಯುತ್ತವೆ. ಗ್ಲೈಫೋಸೇಟ್ ಸುರಕ್ಷಿತವೆಂಬ ವಾದಕ್ಕೆ ಇದು ಮುಖ್ಯ ಆಧಾರ. ಆದರೆ ಮಣ್ಣಿನ ಅನೇಕ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಲ್ಲಿ ಆ ಮಾರ್ಗವಿದೆ, ಮತ್ತು ಒಂದು ಕಿಣ್ವ ಇಲ್ಲವೆಂಬುದರಿಂದ ಬೇರಾವ ದಾರಿಯಲ್ಲಿಯೂ ಹಾನಿಯಾಗದೆಂದು ಸಾಧಿಸಿದಂತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಗ್ಲೈಫೋಸೇಟನ್ನು ಮನುಷ್ಯರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಸೇರಿದಂತೆ ಹಲವು ನಿಯಂತ್ರಣ ಸಂಸ್ಥೆಗಳು ಈ ತೀರ್ಮಾನವನ್ನು ಒಪ್ಪಲಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆ, ಗ್ಲೈಫೋಸೇಟನ್ನು ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಷ್ಟೇ ಬಳಸಬೇಕೆಂದು ಹೇಳಿತು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ತಿಳಿಸುವುದು ಮನುಷ್ಯನಿಗಿರುವ ವಿಷದ ತೀವ್ರತೆಯನ್ನೇ ಹೊರತು ಸಸ್ಯದ ಮೇಲಿನ ಪ್ರಭಾವವನ್ನಲ್ಲ ಎಂಬುದನ್ನೂ ನೆನಪಿಡಬೇಕು.

ಕೂಲಿಯಾಳು ಸಿಗದ ಇಂದಿನ ಪರಿಸ್ಥಿತಿಯಲ್ಲಿ ಕಳೆನಾಶಕವನ್ನು ಪೂರ್ತಿಯಾಗಿ ಬಿಡಬೇಕೆಂಬ ಉಪದೇಶ ಹೆಚ್ಚಿನ ರೈತರಿಗೆ ನಿರುಪಯುಕ್ತ. ಆದರೆ ಒಂದೊಂದು ಕಳೆನಾಶಕವೂ ಸಸ್ಯದ ಒಂದೇ ಒಂದು ಕ್ರಿಯೆಯ ಮೇಲೆ ನಿಂತಿರುವ ಆಯುಧವಾದ್ದರಿಂದ, ಆ ಕ್ರಿಯೆ ಬದಲಾದ ದಿನ ಅದು ಮೊಂಡಾಗುತ್ತದೆ. ಬೇರೆ ಹೆಸರಿನ ಡಬ್ಬಿ ಕೊಳ್ಳುವುದು ಔಷಧಿ ಬದಲಾಯಿಸಿದಂತಲ್ಲ; ಬೇರೆ ಕ್ರಿಯೆಯನ್ನು ತಡೆಯುವ ಗುಂಪಿನದನ್ನು ಕೇಳಿ ಪಡೆಯಬೇಕು. ಕಳೆ ಬೆಳೆಗೆ ಅತಿ ಹೆಚ್ಚು ನಷ್ಟ ಮಾಡುವುದು ಬೆಳೆಯ ಅವಧಿಯ ಮೊದಲ ಮೂರನೆಯ ಒಂದು ಭಾಗದಲ್ಲಿ. ಆ ಅವಧಿಯಲ್ಲಿ ಎಡೆಕುಂಟೆ ಹೊಡೆಯುವುದು, ಉಳಿದ ಕಳೆ ಬೀಜ ಕಟ್ಟುವ ಮುನ್ನ ಕೀಳುವುದು, ಬೆಳೆ ಬದಲಿಸುವುದು, ನೆಲಕ್ಕೆ ಹೊದಿಕೆ ಹಾಕುವುದು ಇವುಗಳ ಜೊತೆಗೆ ಸರಿಯಾದ ರಾಸಾಯನಿಕವನ್ನು ಸರಿಯಾದ ಅಳತೆಯಲ್ಲಿ, ಬೇಕಾದಾಗ ಮಾತ್ರ ಬಳಸಿದರೆ ಖರ್ಚೂ ಕಡಿಮೆ, ಹಾನಿಯೂ ಕಡಿಮೆ. ಸಿಂಪಡಿಸುವ ಮುನ್ನ ರೈತರು ಅಂಗಡಿಯವರನ್ನೂ ಕೃಷಿ ಅಧಿಕಾರಿಗಳನ್ನೂ ಕೇಳಬೇಕಾದ ಮೊದಲ ಪ್ರಶ್ನೆ ಔಷಧಿಯ ಬೆಲೆಯದಲ್ಲ, ಅದು ಸಸ್ಯದಲ್ಲಿ ಏನನ್ನು ತಡೆಯುತ್ತದೆ ಎಂಬುದು.